‘ಮಲೇರಿಯಸ್’ ಪದದ ಅರ್ಥವೇನು, ಕನ್ನಡದಲ್ಲಿ ಅದನ್ನು ಹೇಗೆ ಬರೆಯಬೇಕು: ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಂದು ಮನೆಯವರಿಗೆ ಅವರ ಕಾಫಿ ತೋಟದ ಹಳೆಯ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೆ. ಒಂದು ಕಾಗದದಲ್ಲಿ ಹಳ್ಳದಾಚೆಯ ಜಮೀನು ‘ಮಲೇರಿಯಸ್’ ಎಂದಿತ್ತು. ನಾನು ಹೆಚ್ಚು ಯೋಚಿಸದೆ ‘ಮಲೇರಿಯಾ ಪೀಡಿತ ಜಮೀನು’ ಅಂತ ಬರೆದೆ. ಓದಿ ಹೇಳಿದಾಗ ಆ ಮನೆಯ ಅಜ್ಜ ಒಪ್ಪಲಿಲ್ಲ. “ಜಮೀನಿಗೆ ಜ್ವರ ಬರುತ್ತೇನೋ ಮಾರಾಯ? ಅದು ಚಳಿಜ್ವರದ ಜಾಗ. ಅಲ್ಲಿ ಹಗಲು ಕೆಲಸ ಮಾಡ್ತಿದ್ರು, ರಾತ್ರಿ ಯಾರೂ ಉಳೀತಿರಲಿಲ್ಲ” ಅಂದರು.

ಅಜ್ಜನ ಮಾತು ಸರಿಯಾಗಿತ್ತು. ಆ ಪದ ಕಾಯಿಲೆ ಬಿದ್ದವರ ಬಗ್ಗೆ ಹೇಳುತ್ತಿರಲಿಲ್ಲ, ಕಾಯಿಲೆ ಹಿಡಿಸುವ ಜಾಗದ ಬಗ್ಗೆ ಹೇಳುತ್ತಿತ್ತು. ಈ ವ್ಯತ್ಯಾಸ ತಪ್ಪಿದರೆ ಇಡೀ ವಾಕ್ಯ ತಪ್ಪುತ್ತದೆ. ಹಳೆಯ ಗೆಜೆಟಿಯರ್, ಅರಣ್ಯ ಇಲಾಖೆಯ ವರದಿ, ತೋಟದ ಪತ್ರ ಓದುವವರಿಗೆ, ಊರಿನ ಚರಿತ್ರೆ ಬರೆಯುವವರಿಗೆ, ಆರೋಗ್ಯದ ಬಗ್ಗೆ ಸುದ್ದಿ ಮಾಡುವವರಿಗೆ ಈ ಪದ ಮತ್ತೆ ಮತ್ತೆ ಎದುರಾಗುತ್ತದೆ. ಅದನ್ನು ಹಿಡಿಯಲು ನಾನು ಈಗ ಅನುಸರಿಸುವ ಕ್ರಮ ಇದು.

ಮೊದಲ ಹೆಜ್ಜೆ: ಪದ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ನಮ್ಮ ಕಡೆ ಬಹಳ ಜನ ಮಲೇರಿಯಾ ಅಂದರೆ ‘ಮಲೆ ಏರಿಯಾ’ದ ಜ್ವರ ಅಂದುಕೊಂಡಿದ್ದಾರೆ. ಮಲೆನಾಡಲ್ಲಿ ಅದರ ಕಾಟ ಅಷ್ಟಿತ್ತು, ಹಾಗಾಗಿ ಅನ್ನಿಸುವುದು ಸಹಜ. ಆದರೆ ಪದ ಇಟಾಲಿಯನ್ ಭಾಷೆಯದು. ‘ಮಾಲಾ ಆರಿಯಾ’ ಅಂದರೆ ಕೆಟ್ಟ ಗಾಳಿ. ರೋಮ್ ನಗರದ ದಕ್ಷಿಣಕ್ಕೆ ಪಾಂಟೈನ್ ಎಂಬ ದೊಡ್ಡ ಜೌಗು ಪ್ರದೇಶವಿತ್ತು. ಬೇಸಿಗೆ ಬಂತೆಂದರೆ ಅದರ ಸುತ್ತಮುತ್ತಲಿನವರಿಗೆ ಜ್ವರ. ಕೊಳೆತ ಕೆಸರಿನಿಂದ ರಾತ್ರಿ ಹೊತ್ತು ಕೆಟ್ಟ ಗಾಳಿ ಏಳುತ್ತದೆ, ಅದನ್ನು ಉಸಿರಾಡಿದವರು ಮಲಗುತ್ತಾರೆ ಅಂತ ಜನ ನಂಬಿದ್ದರು. 1740ರಲ್ಲಿ ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ ರೋಮ್‌ನಿಂದ ಬರೆದ ಪತ್ರದಲ್ಲಿ ಈ ಪದ ಬರುತ್ತದೆ. ಇಂಗ್ಲಿಷಿಗೆ ಅದು ಬಂದ ದಾರಿ ಅದು.

ಅಂದರೆ ಮಲೇರಿಯಾ ಎನ್ನುವುದು ಮೊದಲು ಕಾಯಿಲೆಯ ಹೆಸರೇ ಅಲ್ಲ. ಗಾಳಿಯ ಹೆಸರು, ಜಾಗದ ಹೆಸರು. ಕಾಯಿಲೆಗೆ ಆ ಹೆಸರು ಆಮೇಲೆ ಅಂಟಿತು. ‘ಮಲೇರಿಯಸ್’ ಆ ಹಳೆಯ ಅರ್ಥವನ್ನು ಇನ್ನೂ ಬಿಟ್ಟಿಲ್ಲ. ಇದೊಂದು ನೆನಪಿದ್ದರೆ ಮುಂದಿನದು ಅರ್ಧ ಸುಲಭ.

ಎರಡನೇ ಹೆಜ್ಜೆ: ಬರಹದ ವರ್ಷ ನೋಡಿ

ಇದನ್ನು ಬಿಡಲೇಬೇಡಿ. ಒಂದೇ ಪದ 1850ರಲ್ಲಿ ಒಂದು ಅರ್ಥ ಕೊಡುತ್ತದೆ, 1930ರಲ್ಲಿ ಇನ್ನೊಂದು.

1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು. 1897ರ ಆಗಸ್ಟ್ 20ರಂದು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಅದನ್ನೇ ಕಂಡರು. ಮರುವರ್ಷ ಇಟಲಿಯ ಗ್ರಾಸಿ ಮತ್ತು ಜೊತೆಗಾರರು ಮನುಷ್ಯರಿಗೆ ಇದನ್ನು ದಾಟಿಸುವುದು ಅನಾಫಿಲಿಸ್ ಸೊಳ್ಳೆ ಅಂತ ತೋರಿಸಿದರು. ಇದಕ್ಕೆ ಮೊದಲಿನ ಬರಹದಲ್ಲಿ ‘ಮಲೇರಿಯಸ್ ಏರ್’, ‘ಮಲೇರಿಯಸ್ ಸಾಯಿಲ್’ ಅಂತ ಇದ್ದರೆ ಬರೆದವನು ನಿಜವಾಗಿಯೂ ಗಾಳಿಯನ್ನೋ ಮಣ್ಣನ್ನೋ ದೂರುತ್ತಿದ್ದಾನೆ. ಅವನ ತಲೆಯಲ್ಲಿ ಸೊಳ್ಳೆ ಇಲ್ಲ. ಅದನ್ನು ‘ಸೊಳ್ಳೆಯಿಂದ ಮಲೇರಿಯಾ ಹರಡುವ ಮಣ್ಣು’ ಅಂತ ಬರೆದರೆ ಅವನಿಗೆ ಗೊತ್ತಿಲ್ಲದ್ದನ್ನು ಅವನ ಬಾಯಲ್ಲಿ ಇಟ್ಟಂತಾಗುತ್ತದೆ. ಅಲ್ಲಿ ‘ಜ್ವರ ತರುವ ಕೆಟ್ಟ ಗಾಳಿ’, ‘ಜ್ವರ ಹುಟ್ಟಿಸುವ ಮಣ್ಣು’ ಅನ್ನುವುದೇ ಸರಿ.

ನಮ್ಮ ಹಿರಿಯರೂ ಹೀಗೇ ಮಾತಾಡುತ್ತಿದ್ದರು ಅಲ್ವಾ? ‘ಆ ಊರಿನ ನೀರು ಒಗ್ಗಲಿಲ್ಲ’, ‘ಹವಾ ಹಿಡಿಸಲಿಲ್ಲ’. ಹಳೆಯ ಕಾಲದ ಬರಹಕ್ಕೆ ಈ ಮಾತುಗಳು ಚೆನ್ನಾಗಿ ಹೊಂದುತ್ತವೆ. ನಾನು ಧೈರ್ಯವಾಗಿ ಬಳಸುತ್ತೇನೆ.

ರಾಸ್ ಅವರ ಹೆಸರು ಬಂದಿದ್ದಕ್ಕೆ ಒಂದು ಮಾತು. ಸಿಕಂದರಾಬಾದಿಗೆ ಬಹಳ ಮೊದಲು, 1883ರ ಹೊತ್ತಿಗೆ, ಅವರು ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿ ಹತ್ತಿರ ಇಟ್ಟಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಮರಿಗಳು ಕಿಲಿಬಿಲಿ ಆಡುತ್ತಿದ್ದವು. ಪೀಪಾಯಿ ಬೋರಲು ಹಾಕಿದರು, ಸೊಳ್ಳೆ ಕಡಿಮೆಯಾದವು. ಆಗ ಅವರಿಗೆ ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧ ಗೊತ್ತಿರಲಿಲ್ಲ. ಸುಮ್ನೆ ಕಾಟ ತಪ್ಪಿಸಿಕೊಳ್ಳಲು ಮಾಡಿದ್ದು. ಒಂದು ಜಾಗದ ಗುಣ ಅದರ ಗಾಳಿಯಲ್ಲಿಲ್ಲ, ಅಲ್ಲಿ ನಿಂತ ನೀರಿನಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರನೇ ಹೆಜ್ಜೆ: ಪದ ಯಾವುದಕ್ಕೆ ಅಂಟಿಕೊಂಡಿದೆ ನೋಡಿ

ಇಂಗ್ಲಿಷಿನಲ್ಲಿ ಅಕ್ಕತಂಗಿಯರಂತೆ ಎರಡು ಪದಗಳಿವೆ: ‘ಮಲೇರಿಯಲ್’ ಮತ್ತು ‘ಮಲೇರಿಯಸ್’. ಕೆಲವರು ಒಂದರ ಜಾಗದಲ್ಲಿ ಇನ್ನೊಂದು ಬಳಸುತ್ತಾರೆ, ನಿಘಂಟುಗಳಲ್ಲೂ ಅರ್ಥ ಸ್ವಲ್ಪ ಬೆರೆತಿದೆ. ಆದರೂ ರೂಢಿ ಸ್ಪಷ್ಟ. ಜ್ವರ, ಪರಾವಲಂಬಿ, ರೋಗಿಯ ರಕ್ತ, ಇವುಗಳ ಜೊತೆಗೆ ಮಲೇರಿಯಲ್. ಜಿಲ್ಲೆ, ಕಣಿವೆ, ಕಾಡು, ಋತು, ಹವಾಮಾನ, ಇವುಗಳ ಜೊತೆಗೆ ಮಲೇರಿಯಸ್.

ಪರೀಕ್ಷೆ ಮಾಡಲು ಸುಲಭ ದಾರಿ ಇದೆ. ‘ಅಲ್ಲಿಗೆ ಹೋದರೆ ಮಲೇರಿಯಾ ಬರುತ್ತದೆ’ ಅಥವಾ ‘ಆಗ ಹೋದರೆ ಬರುತ್ತದೆ’ ಅಂತ ಹೇಳಿ ನೋಡಿ. ಅರ್ಥ ಕೂತರೆ ಅದು ಮಲೇರಿಯಸ್. ‘ಮಲೇರಿಯಸ್ ಟ್ರ್ಯಾಕ್ಟ್’ (ಪ್ರದೇಶ): ಅಲ್ಲಿಗೆ ಹೋದರೆ ಬರುತ್ತದೆ, ಸರಿ. ‘ಮಲೇರಿಯಸ್ ಸೀಸನ್’: ಆಗ ಹೋದರೆ ಬರುತ್ತದೆ, ಸರಿ. ‘ಮಲೇರಿಯಲ್ ಫೀವರ್’ಗೆ ಈ ಮಾತು ಹೊಂದುವುದಿಲ್ಲ, ಅದು ಬಂದಾಗಿದೆ.

ಕನ್ನಡಕ್ಕೆ ಇಂಥ ಎರಡು ಬಾಲಗಳಿಲ್ಲ. ‘ಮಲೇರಿಯಾ ಜ್ವರ’, ‘ಮಲೇರಿಯಾ ಪರಾವಲಂಬಿ’ ಅಂತ ಹೆಸರನ್ನೇ ಮುಂದೆ ಇಟ್ಟರೆ ಮಲೇರಿಯಲ್ ಕೆಲಸ ಮುಗಿಯಿತು. ಮಲೇರಿಯಸ್‌ಗೆ ಅದು ಸಾಲದು. ‘ಮಲೇರಿಯಾ ಜಿಲ್ಲೆ’ ಅಂದರೆ ಏನೂ ಗೊತ್ತಾಗುವುದಿಲ್ಲ. ನಡುವೆ ಒಂದು ಕ್ರಿಯೆ ಬೇಕು: ಹರಡುವ, ಹಿಡಿಸುವ, ಹಬ್ಬುವ, ತರುವ.

ನಾಲ್ಕನೇ ಹೆಜ್ಜೆ: ಆ ಜಾಗವನ್ನು ಕಣ್ಣ ಮುಂದೆ ತಂದುಕೊಳ್ಳಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಮಲೇರಿಯಸ್ ಅಂದ ತಕ್ಷಣ ಕೊಳಚೆ, ಗಬ್ಬು ನಾತ, ಜೌಗು ಅಂತ ಚಿತ್ರ ಬರುತ್ತದೆ. ಹಳೆಯ ‘ಕೆಟ್ಟ ಗಾಳಿ’ಯ ನೆರಳು ಅದು. ನಮ್ಮ ನಾಡಿನಲ್ಲಿ ಆ ಚಿತ್ರ ಹೆಚ್ಚಾಗಿ ತಪ್ಪು.

ಒಂದು ಜಾಗ ಮಲೇರಿಯಸ್ ಆಗಲು ಕೆಲವು ಸಂಗತಿ ಒಟ್ಟಿಗೆ ಸೇರಬೇಕು. ಅನಾಫಿಲಿಸ್ ಜಾತಿಯ ತಕ್ಕ ಸೊಳ್ಳೆ ಬೇಕು. ಅದು ಮೊಟ್ಟೆ ಇಡಲು ನೀರು ಬೇಕು. ರಕ್ತದಲ್ಲಿ ಪರಾವಲಂಬಿ ಇರುವ ಮನುಷ್ಯ ಹತ್ತಿರದಲ್ಲಿ ಇರಬೇಕು. ಬೆಚ್ಚಗಿನ ಹವೆಯೂ ಬೇಕು. ಮಲೇರಿಯಾದ ಪರಾವಲಂಬಿಯಲ್ಲಿ ಬಗೆಗಳಿವೆ: ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ವೈವಾಕ್ಸ್ ಎಂಬ ಬಗೆ ಸೊಳ್ಳೆಯೊಳಗೆ ಬೆಳೆಯುವುದಿಲ್ಲ, 18ಕ್ಕಿಂತ ಕೆಳಗೆ ಫಾಲ್ಸಿಪಾರಂ ಎಂಬ ಬಗೆ ಬೆಳೆಯುವುದಿಲ್ಲ. ಬೆಚ್ಚಗಿದ್ದರೂ ಪರಾವಲಂಬಿ ಸೊಳ್ಳೆಯೊಳಗೆ ಬಲಿಯಲು ಹತ್ತು ದಿನದ ಆಸುಪಾಸು ಹಿಡಿಯುತ್ತದೆ. ಸೊಳ್ಳೆ ಅಷ್ಟು ದಿನ ಬದುಕಿದ್ದರೆ ಮಾತ್ರ ಮುಂದಿನ ಮನುಷ್ಯನಿಗೆ ದಾಟಿಸುತ್ತದೆ. ‘ಮಲೇರಿಯಸ್’ ಅನ್ನುವ ಒಂದು ಪದದಲ್ಲಿ ಇಷ್ಟೂ ಅಡಗಿದೆ.

ಈಗ ನಮ್ಮ ಮೂರು ಸೀಮೆ ನೋಡೋಣ.

ಮಲೆನಾಡಿನ ಹಳ್ಳ. ಇಲ್ಲಿನ ಹಳೆಯ ಶತ್ರು ಅನಾಫಿಲಿಸ್ ಫ್ಲುವಿಯಾಟಿಲಿಸ್. ಅದಕ್ಕೆ ಕೊಳಚೆ ಬೇಡ. ಮೆಲ್ಲಗೆ ಹರಿಯುವ ತಿಳಿನೀರು ಬೇಕು. ಅಂಥ ಹಳ್ಳದ ಅಂಚಿಗೆ ಹೋಗಿ ಕೂತು ನೋಡಿ. ನಡುವೆ ನೀರು ಓಡುತ್ತಿರುತ್ತದೆ, ಅಂಚಿನಲ್ಲಿ ಹುಲ್ಲು ಬಾಗಿ ನೀರಿಗೆ ತಾಗಿರುತ್ತದೆ, ಆ ಹುಲ್ಲಿನ ಬುಡದಲ್ಲಿ ನೀರು ಅಲುಗದೆ ನಿಂತಿರುತ್ತದೆ. ಬಿಳಿ ಸೌಟಿನಲ್ಲಿ ಮೊಗೆದರೆ ಸಣ್ಣ ಕಡ್ಡಿ ತುಂಡಿನಂಥ ಮರಿಗಳು ಕಾಣುತ್ತವೆ. ಮನೆಯ ಚರಂಡಿಯಲ್ಲಿ ಕಾಣುವ ಕ್ಯೂಲೆಕ್ಸ್ ಮರಿ ತಲೆ ಕೆಳಗಾಗಿ ನೇತಾಡುತ್ತದೆ. ಅನಾಫಿಲಿಸ್ ಮರಿ ನೀರಿನ ಮೇಲೆ ಮಟ್ಟಸವಾಗಿ ಮಲಗಿರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಆಷಾಢದ ಭಾರಿ ಮಳೆಯಲ್ಲಿ ಹಳ್ಳ ಉಕ್ಕಿ ಮರಿಗಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಮಳೆ ಇಳಿದು ನೀರು ತಿಳಿಯಾದಾಗ ಮತ್ತೆ ಶುರು. ಹಾಗಾಗಿ ಮಲೆನಾಡಿನ ಬಗ್ಗೆ ‘ಮಲೇರಿಯಸ್ ಸೀಸನ್’ ಅಂತ ಕಂಡರೆ ಯೋಚಿಸದೆ ‘ಮಳೆಗಾಲ’ ಅಂತ ಬರೆಯಬೇಡಿ. ಮುಂದಿನ ವಾಕ್ಯದಲ್ಲಿ ತಿಂಗಳು ಕೊಟ್ಟಿರಬಹುದು, ಹುಡುಕಿ.

ಅಜ್ಜ ಹೇಳಿದ ‘ರಾತ್ರಿ ಉಳೀತಿರಲಿಲ್ಲ’ ಎನ್ನುವುದಕ್ಕೂ ಇಲ್ಲೇ ಕಾರಣವಿದೆ. ಅನಾಫಿಲಿಸ್ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಕಾರಣ ಗೊತ್ತಿಲ್ಲದೆಯೂ ಜನ ಅನುಭವದಿಂದ ಸರಿಯಾದ ಎಚ್ಚರಿಕೆ ಕಂಡುಕೊಂಡಿದ್ದರು.

ಬಯಲುಸೀಮೆಯ ನಾಲೆ. ಇಲ್ಲಿ ಅನಾಫಿಲಿಸ್ ಕ್ಯುಲಿಸಿಫೇಸೀಸ್. ಕಾಲುವೆ, ಸೋರಿದ ನೀರಿನ ಗುಂಡಿ, ಹೊಳೆ ಬತ್ತುವಾಗ ಮರಳಲ್ಲಿ ಉಳಿದ ಮಡು, ಇವು ಅದರ ಜಾಗ. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯ ಸೀಮೆಗೆ ಹರಿದ ಮೇಲೆ, 1930ರ ದಶಕದಲ್ಲಿ, ಗದ್ದೆ ಕಬ್ಬಿನ ಜೊತೆಗೆ ಮಲೇರಿಯಾವೂ ಬಂತು. ಆ ಕಾಲದ ಬರಹದಲ್ಲಿ ನೀರಾವರಿ ಸೀಮೆಯನ್ನು ಮಲೇರಿಯಸ್ ಅಂದಿದ್ದರೆ ಅದು ಹುಟ್ಟಾ ಹಾಗಿದ್ದ ಜಾಗವಲ್ಲ, ಹಾಗೆ ಆದ ಜಾಗ. ಕನ್ನಡದಲ್ಲಿ ‘ಮಲೇರಿಯಾ ಹಬ್ಬತೊಡಗಿದ ಸೀಮೆ’ ಅಂದರೆ ಆ ಬದಲಾವಣೆಯೂ ಉಳಿಯುತ್ತದೆ.

ಮಂಗಳೂರಿನ ತಾರಸಿ. ಇದು ಈಚಿನದು. 1990ರ ದಶಕದಿಂದ ಮಂಗಳೂರು ನಗರ ಮಲೇರಿಯಾದಿಂದ ಬಹಳ ನೊಂದಿದೆ. ಪಟ್ಟಣದ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಬಾವಿ, ಓವರ್‌ಹೆಡ್ ಟ್ಯಾಂಕ್, ಮುಚ್ಚದ ಸಂಪು, ಎಲ್ಲಾ ಶುದ್ಧ ನೀರು. ಹೊಸ ಕಟ್ಟಡದ ಸ್ಲ್ಯಾಬ್ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ಕ್ಯೂರಿಂಗ್‌ಗೆ ನೀರು ನಿಲ್ಲಿಸುತ್ತಾರೆ. ಬೆರಳುದ್ದ ಆಳದ ಆ ನೀರು ಒಂದೆರಡು ವಾರ ಹಾಗೇ ನಿಂತರೆ ಸೊಳ್ಳೆಗೆ ಸಾಕು. ಅದೇ ಕಟ್ಟಡದಲ್ಲಿ ಕೆಲಸಗಾರರು ಸೊಳ್ಳೆಪರದೆ ಇಲ್ಲದೆ ಮಲಗುತ್ತಾರೆ. ಅವರಲ್ಲಿ ಯಾರಿಗಾದರೂ ಊರಿಂದಲೇ ಜ್ವರ ಬಂದಿದ್ದರೆ ಬೇಕಾದದ್ದೆಲ್ಲ ಒಂದೇ ಸೂರಿನಡಿ ಸೇರಿತು. ಹೊಳೆಯುವ ಹೊಸ ಕಟ್ಟಡವೂ ಮಲೇರಿಯಸ್ ಆಗಬಹುದು ಅಂತ ಓದುಗರಿಗೆ ಗೊತ್ತಾಗಬೇಕಾದರೆ ಪದದ ಜೊತೆಗೆ ಜಾಗವನ್ನೂ ತೋರಿಸಬೇಕು.

ಐದನೇ ಹೆಜ್ಜೆ: ಲೆಕ್ಕದ ಪದವೋ, ಮಾತಿನ ಪದವೋ?

ಪ್ರವಾಸಿಗನೋ ಕಾಫಿ ಪ್ಲಾಂಟರೋ ಬರೆದಿದ್ದರೆ ಮಲೇರಿಯಸ್ ಎನ್ನುವುದು ಅವನ ಅನುಭವದ ಮಾತು. ಆರೋಗ್ಯ ಇಲಾಖೆಯ ವರದಿಯಲ್ಲಿ ಅದಕ್ಕೆ ಅಳತೆ ಇದೆ.

ಹಳೆಯ ಅಳತೆ ಗುಲ್ಮದ್ದು. ಪದೇ ಪದೇ ಮಲೇರಿಯಾ ಬಂದ ಮಕ್ಕಳಿಗೆ ಹೊಟ್ಟೆಯ ಎಡಗಡೆ ಗುಲ್ಮ ಊದಿಕೊಳ್ಳುತ್ತದೆ. ನಮ್ಮ ಹಿರಿಯರು ಇದನ್ನೇ ಜ್ವರಗಡ್ಡೆ ಅನ್ನುತ್ತಿದ್ದರು. ವೈದ್ಯರು ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡಿ, ನೂರಕ್ಕೆ ಎಷ್ಟು ಮಕ್ಕಳಿಗೆ ಗಡ್ಡೆ ಸಿಕ್ಕಿತು ಅಂತ ಬರೆದುಕೊಳ್ಳುತ್ತಿದ್ದರು. 1950ರಲ್ಲಿ ಉಗಾಂಡದ ಕಂಪಾಲಾದಲ್ಲಿ ನಡೆದ ಮಲೇರಿಯಾ ಸಮ್ಮೇಳನದಲ್ಲಿ ಇದಕ್ಕೆ ದರ್ಜೆ ನಿಗದಿಯಾಯಿತು. 2ರಿಂದ 9 ವರ್ಷದ ಮಕ್ಕಳಲ್ಲಿ ಶೇ. 10ರವರೆಗೆ ಇದ್ದರೆ ಕಡಿಮೆ, 11ರಿಂದ 50 ಆದರೆ ಮಧ್ಯಮ, ಯಾವಾಗಲೂ 50ಕ್ಕಿಂತ ಮೇಲಿದ್ದರೆ ತೀವ್ರ, 75ನ್ನೂ ದಾಟಿದರೆ ಅತಿ ತೀವ್ರ. ಈಗ ನಮ್ಮ ದೇಶದಲ್ಲಿ ನೋಡುವುದು ‘ಎಪಿಐ’. ವರ್ಷಕ್ಕೆ ಸಾವಿರ ಜನರಲ್ಲಿ ಎಷ್ಟು ಮಂದಿಯ ರಕ್ತದಲ್ಲಿ ಮಲೇರಿಯಾ ಸಿಕ್ಕಿತು ಅನ್ನುವ ಲೆಕ್ಕ ಅದು. ಅಂಥ ಸಂಖ್ಯೆ ಪಕ್ಕದಲ್ಲೇ ಇದ್ದರೆ ಅದನ್ನೇ ಕೊಡಿ, ಗುಣವಾಚಕಕ್ಕಿಂತ ಅದು ಗಟ್ಟಿ.

ವಿಶ್ವ ಆರೋಗ್ಯ ಸಂಸ್ಥೆಯ ಪದವಿವರಣೆಯಲ್ಲಿ ಮಲೇರಿಯಸ್ ಪ್ರದೇಶ ಅಂದರೆ ಮಲೇರಿಯಾ ಈಗ ಹರಡುತ್ತಿರುವ ಅಥವಾ ಹಿಂದಿನ 3 ವರ್ಷದೊಳಗೆ ಹರಡಿದ್ದ ಪ್ರದೇಶ. ಹರಡುವಿಕೆ ಇಲ್ಲ, ಆದರೆ ಸೊಳ್ಳೆ, ಹವೆ, ಜನ ಎಲ್ಲ ತಯಾರಿದೆ ಅಂತಾದರೆ ಅದಕ್ಕೆ ‘ರಿಸೆಪ್ಟಿವ್’ ಎಂಬ ಬೇರೆ ಪದ. ಒಳ್ಳೆಯ ಉದಾಹರಣೆ ಶ್ರೀಲಂಕಾ. 1963ರಲ್ಲಿ ಇಡೀ ದೇಶಕ್ಕೆ ಸಿಕ್ಕಿದ್ದು 17 ಪ್ರಕರಣ. ಮುಗಿಯಿತು ಅಂತ ಕೈಬಿಟ್ಟರು. 1967–68ರಲ್ಲಿ ಲಕ್ಷಗಟ್ಟಲೆ ಜನರಿಗೆ ತಿರುಗಿ ಬಂತು. ಮತ್ತೆ ದಶಕಗಳ ದುಡಿಮೆ. 2016ರಲ್ಲಿ ಮಲೇರಿಯಾ ಮುಕ್ತ ಅಂತ ಮನ್ನಣೆ ಸಿಕ್ಕಿತು. ಇಂದಿನ ಶ್ರೀಲಂಕಾ ಮಲೇರಿಯಸ್ ಅಲ್ಲ, ರಿಸೆಪ್ಟಿವ್. ಎರಡನ್ನೂ ‘ಮಲೇರಿಯಾ ಅಪಾಯದ ದೇಶ’ ಅಂತ ಒಂದೇ ಕಟ್ಟಿಗೆ ಕಟ್ಟಿದರೆ ಅಷ್ಟು ಜನರ ದುಡಿಮೆಯೇ ಮರೆಯಾಗುತ್ತದೆ. ಮೊದಲನೆಯದಕ್ಕೆ ‘ಮಲೇರಿಯಾ ಹರಡುವ’, ಎರಡನೆಯದಕ್ಕೆ ‘ಮಲೇರಿಯಾ ತಿರುಗಿ ಬರಬಹುದಾದ’ ಅಂತ ನಾನು ಬರೆಯುತ್ತೇನೆ.

ನಮ್ಮ ದೇಶದ್ದೂ ಅದೇ ಕತೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಮನೆಮನೆಗೆ ಡಿಡಿಟಿ ಹೊಡೆದರು. 1965ರ ಹೊತ್ತಿಗೆ ಪ್ರಕರಣ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. 1976ರಲ್ಲಿ 64 ಲಕ್ಷ. ಆದ್ದರಿಂದ ಒಂದು ಊರನ್ನು ಮಲೇರಿಯಸ್ ಅಂತ ಬರೆದಿದ್ದು 1940ರಲ್ಲೋ, 1965ರಲ್ಲೋ, 1976ರಲ್ಲೋ ಅಂತ ಹೇಳದೆ ಮುಂದೆ ಹೋಗಬೇಡಿ.

ಆರನೇ ಹೆಜ್ಜೆ: ಕನ್ನಡದ ಮಾತು ಆರಿಸಿ

‘ಪೀಡಿತ’ ಪತ್ರಿಕೆಗಳಿಗೆ ಪ್ರಿಯವಾದ ಪದ. ಜನ ನಿಜವಾಗಿ ನರಳುತ್ತಿದ್ದಾಗ ಅದು ಸರಿ: ‘ಮಲೇರಿಯಾ ಪೀಡಿತ ಹಳ್ಳಿಗಳಿಗೆ ವೈದ್ಯರ ತಂಡ’. ಮನುಷ್ಯರೇ ಇಲ್ಲದ ಕಾಡಿಗೆ, ಕಣಿವೆಗೆ, ಋತುವಿಗೆ ಅದನ್ನು ಹಾಕಬೇಡಿ.

ಇವತ್ತಿನ ಆರೋಗ್ಯ ಬರಹಕ್ಕೆ ‘ಮಲೇರಿಯಾ ಹರಡುವ ಪ್ರದೇಶ’ ಸಾಕು, ಎಲ್ಲರಿಗೂ ತಿಳಿಯುತ್ತದೆ. ವರ್ಷ ವರ್ಷವೂ ಬಿಡದೆ ಇರುವ ಕಡೆಗೆ ‘ಮಲೇರಿಯಾ ಬೇರೂರಿದ ಜಿಲ್ಲೆ’. ಹಳೆಯ ಪತ್ರ, ಊರಿನ ಚರಿತ್ರೆಗೆ ‘ಚಳಿಜ್ವರದ ಸೀಮೆ’, ‘ಚಳಿಜ್ವರ ಹಿಡಿಸುವ ಕಾಡು’. ಋತುವಿಗೆ ‘ಚಳಿಜ್ವರದ ದಿನಗಳು’. ಈ ‘ಹಿಡಿಸುವ’ ನನಗೆ ಬಹಳ ಇಷ್ಟ. ಜಾಗದ ಗುಣ, ಅಲ್ಲಿಗೆ ಹೋದವನ ಪಾಡು, ಎರಡೂ ಅದರಲ್ಲಿವೆ.

ಬರೀ ‘ಜ್ವರದ ಸೀಮೆ’ ಅನ್ನುವುದರಲ್ಲಿ ಒಂದು ತೊಡಕಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಆಮೇಲಿನ ಶಿವಮೊಗ್ಗದ ಬಗ್ಗೆ ‘ಜ್ವರದ ಕಾಡು’ ಅಂದರೆ ಓದುಗರು ಉಣುಗು ಕಚ್ಚಿ ಬರುವ ಆ ಜ್ವರವನ್ನೇ ನೆನೆಯುತ್ತಾರೆ. ಚಳಿ ಅಂತ ಸೇರಿಸಿದರೆ ಗೊಂದಲವಿಲ್ಲ. ದಿನ ಬಿಟ್ಟು ದಿನ ಗಡಗಡ ನಡುಗಿಸಿ ಬರುವ ಜ್ವರ ಯಾವುದೆಂದು ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇದರ ಉಲ್ಟಾ ತಪ್ಪೂ ಆಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಫೀವರಿಶ್’, ‘ಅನ್‌ಹೆಲ್ತಿ’, ‘ಜಂಗಲ್ ಫೀವರ್’ ಅಂತೆಲ್ಲ ಇರುತ್ತದೆ. ಅವನ್ನು ಮಲೇರಿಯಾ ಅಂತ ಬದಲಾಯಿಸಬೇಡಿ. ಬರೆದವನು ಹೇಳಿದಷ್ಟನ್ನೇ ಹೇಳಿ: ‘ಜ್ವರಕ್ಕೆ ಹೆಸರಾದ’, ‘ಮೈಗೆ ಒಗ್ಗದ’, ‘ಕಾಡುಜ್ವರ’. ಮುಂದೆ ಕೊಯಿನಾ (ಕ್ವಿನೈನ್) ಗುಳಿಗೆಯ ಮಾತೋ ಗಡ್ಡೆಯ ಮಾತೋ ಬಂದರೆ ಮಲೇರಿಯಾ ಇರಬಹುದು ಅಂತ ಅಡಿಟಿಪ್ಪಣಿ ಹಾಕಬಹುದು.

‘ಮಲೇರಿಯಸ್’ ಅಂತಲೇ ಕನ್ನಡ ಲಿಪಿಯಲ್ಲಿ ಬಿಡಬಹುದಾ ಅಂತ ಕೇಳುತ್ತಾರೆ. ಹೀಗೆ ಪದದ ಬಗ್ಗೆಯೇ ಬರೆಯುವಾಗ ಸರಿ, ಬೇರೆ ಕಡೆ ಬೇಡ.

ಕೊನೆಯ ಹೆಜ್ಜೆ: ಆ ಸೀಮೆಯ ಹಿರಿಯರಿಗೆ ಓದಿ ಹೇಳಿ

ಸಾಧ್ಯವಿದ್ದರೆ ಇದನ್ನು ತಪ್ಪಿಸಬೇಡಿ. ಒಂದೊಂದು ಸೀಮೆಯ ಮಾತು ಒಂದೊಂದು ಥರ, ಯಾವುದು ಅಲ್ಲಿಯದು ಅಂತ ಅವರಿಗೆ ತಕ್ಷಣ ತಿಳಿಯುತ್ತದೆ.

ನಾನು ಮೂಡಿಗೆರೆಯ ಆ ಕಾಗದವನ್ನು ತಿದ್ದಿದೆ: ‘ಹಳ್ಳದಾಚೆಯ ಜಮೀನು ಚಳಿಜ್ವರ ಹಿಡಿಸುವ ಜಾಗ.’ ಅಜ್ಜ ಅದನ್ನು ಎರಡು ಸಲ ಓದಿಸಿದರು. ಆಮೇಲೆ ಜಗಲಿಯಿಂದಲೇ ಹಳ್ಳದ ಕಡೆ ಕೈ ತೋರಿಸಿ, ಕೂಲಿಯವರ ಲೈನ್ ಮನೆಗಳನ್ನು ನೀರಿನ ಹತ್ತಿರ ಕಟ್ಟದೆ ಈಚೆ ದಿಬ್ಬದ ಮೇಲೆ ಕಟ್ಟಿಸಿದ್ದು ಯಾಕೆ ಅಂತ ಹೇಳಲು ಶುರು ಮಾಡಿದರು.